ನಿಲ್ಲಿಸುವ ಮುಂಚೆ ಒಂದು ಪ್ರಶ್ನೆ

ಬೋಧನಾಭ್ಯಾಸದ ಅವಲೋಕನ ಪುಸ್ತಕಗಳನ್ನು ನೋಡುವಾಗ ಆಟಿಸಂ ಇರುವ ಮಕ್ಕಳ ಬಗ್ಗೆ ನನಗೆ ಮತ್ತೆ ಮತ್ತೆ ಸಿಗುವ ಸಾಲುಗಳಿವು: ‘ಕೈ ಅಲುಗಾಡಿಸುತ್ತಲೇ ಇರುತ್ತಾನೆ’, ‘ದಿನವೂ ಅದೇ ಜಾಗದಲ್ಲಿ ಕೂರುತ್ತಾನೆ’, ‘ಪಾಠದತ್ತ ಗಮನವಿಲ್ಲ’. ಮೊದಲ ಎರಡು ಕಂಡದ್ದು, ಮೂರನೆಯದು ಊಹೆ. ಇವುಗಳ ನಡುವೆ ಒಂದು ಪ್ರಶ್ನೆ ಇರಬೇಕಿತ್ತು: ಈ ವರ್ತನೆಯಿಂದ ಮಗುವಿಗೆ ಏನು ಸಿಗುತ್ತಿದೆ?

ಎಲ್ಲವೂ ಇದ್ದಂತೆಯೇ ಇರಬೇಕೆಂಬ ಈ ಮಕ್ಕಳ ತೀವ್ರ ಬಯಕೆಯನ್ನು ಲಿಯೋ ಕ್ಯಾನರ್ 1943ರಲ್ಲಿ, 11 ಮಕ್ಕಳನ್ನು ಕುರಿತ ತಮ್ಮ ಪ್ರಬಂಧದಲ್ಲೇ ಗುರುತಿಸಿದ್ದರು. ಸದ್ದು, ಬೆಳಕು, ಸ್ಪರ್ಶಗಳು ಅತಿಯಾಗಿ ಅಥವಾ ತೀರಾ ಕಡಿಮೆ ತಟ್ಟುವುದನ್ನು 2013ರ ಡಿಎಸ್‌ಎಂ–5 ಇದೇ ಗುಂಪಿನ ಲಕ್ಷಣಗಳಿಗೆ ಸೇರಿಸಿತು. ಗದ್ದಲದ ನಡುವೆ ಹಿಂದೆ ಮುಂದೆ ತೂಗುವ ಮಗು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಿರಬಹುದು. ಕೆಲವೊಮ್ಮೆ ಅದು ಬರೀ ಸಂತೋಷವೂ ಆಗಿರಬಹುದು. ‘ಕೈಕಟ್ಟಿ ಕೂರು’ ಎಂದರೆ ಕೈ ನಿಂತೀತು. ಗಮನವೆಲ್ಲ ಕೈ ನಿಲ್ಲಿಸುವುದಕ್ಕೇ ಹೋದರೆ ಪಾಠ ಕೇಳುವುದು ಹೇಗೆ?

ಬೋಧನಾಭ್ಯಾಸವೇ ಇಂಥ ಮಗುವಿಗೆ ದೊಡ್ಡ ಬದಲಾವಣೆ: ಹೊಸ ಮುಖ, ಹೊಸ ದನಿ, ಅದಲುಬದಲಾದ ಪಿರಿಯಡ್, ಗುಂಪು ಚಟುವಟಿಕೆಗೆಂದು ಸರಿಸಿದ ಬೆಂಚು, ಹಿಂದೆ ಕೂತ ವೀಕ್ಷಕರು. ಇಷ್ಟೆಲ್ಲ ಬದಲಿಸಿ, ಕಂಗಾಲಾದ ಮಗುವನ್ನು ‘ಮೊಂಡು’ ಎಂದು ಬರೆಯುವುದು ನ್ಯಾಯವಲ್ಲ.

ನನ್ನ ಸಲಹೆ ಮೂರು. ಒಂದು, ಪಾಠ ಆರಂಭಿಸುವ ಮುಂಚೆ ಪ್ರಶಿಕ್ಷಣಾರ್ಥಿ ಒಂದೆರಡು ದಿನ ಆ ತರಗತಿಯಲ್ಲಿ ಕೂತು ಬರಲಿ. ಮಗುವಿನ ರೂಢಿಗಳನ್ನು ತರಗತಿ ಶಿಕ್ಷಕರಿಂದ, ಪೋಷಕರಿಂದ ಕೇಳಿ ತಿಳಿಯಲಿ. ಎರಡು, ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ಅಂಟಿಸಿ, ಬದಲಾಗುವುದನ್ನು ಮೊದಲೇ ತೋರಿಸಿ ಹೇಳಲಿ. ಇದು ಉಳಿದ ಮಕ್ಕಳಿಗೂ ಉಪಯುಕ್ತ. ಮೂರು, ಅವಲೋಕನ ಪುಸ್ತಕದಲ್ಲಿ ವರ್ತನೆಯ ಜೊತೆಗೆ ‘ಮುಂಚೆ ಏನಾಯಿತು’, ‘ಆಮೇಲೆ ಏನಾಯಿತು’ ಎಂಬ ಕಾಲಂಗಳೂ ಇರಲಿ.

ಎಲ್ಲವನ್ನೂ ಹಾಗೆಯೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಗು ತಲೆ ಚಚ್ಚಿಕೊಂಡರೆ, ಕೈ ಕಚ್ಚಿಕೊಂಡರೆ ತಕ್ಷಣ ತಡೆಯಬೇಕು. ಪೋಷಕರು, ವಿಶೇಷ ಶಿಕ್ಷಕರು, ವೈದ್ಯರ ನೆರವು ಪಡೆಯಬೇಕು. ಆಗಲೂ ಕಾರಣ ಹುಡುಕಲೇಬೇಕು. ಹೇಳಲಾಗದ ಹಲ್ಲುನೋವೂ ಕಾರಣವಾಗಿರಬಹುದು.

ಮಗುವಿನ ಅಗತ್ಯಕ್ಕೆ ಬೋಧನೆ ಹೊಂದಿಕೊಳ್ಳಬೇಕು ಎಂಬುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಆಶಯ. ಆದರೆ ‘ತರಗತಿ ನಿರ್ವಹಣೆ’ಯ ಅಂಕ ಕೈಯಲ್ಲಿ ಹಿಡಿದು ನಾವು ಹಿಂದೆ ಕೂತಿರುವಾಗ, ಪ್ರಶಿಕ್ಷಣಾರ್ಥಿ ಮಗುವನ್ನು ಅಲುಗದಂತೆ ಕೂರಿಸಲು ನೋಡುವುದು ಸಹಜ. ತೂಗುತ್ತಲೇ ಪಾಠ ಕೇಳುವ ಮಗುವಿರುವ ತರಗತಿಗೂ ಪೂರ್ಣ ಅಂಕ ಸಿಗಬಹುದು ಎಂದು ಮೇಲ್ವಿಚಾರಕರಾದ ನಾವು ಪೂರ್ವಸಿದ್ಧತಾ ಸಭೆಯಲ್ಲೇ ಸ್ಪಷ್ಟವಾಗಿ ಹೇಳೋಣ.