ಕಿಟಕಿಯಿಂದ ಬಂದ ಮೂವರು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಸಣ್ಣ ನಗರ. ಅಲ್ಲಿ 1930ರಲ್ಲಿ ಕಟ್ಟಿದ ಬೇಸ್‌ಬಾಲ್ ಮೈದಾನವೊಂದಿತ್ತು. ದೊಡ್ಡ ತಂಡಗಳಿಗೆ ಆಟಗಾರರನ್ನು ತಯಾರು ಮಾಡುವ ಕೆಳಹಂತದ 'ಮೈನರ್ ಲೀಗ್' ಪಂದ್ಯಗಳು ಅಲ್ಲಿ ನಡೆಯುತ್ತಿದ್ದವು. 1950ರ ಜೂನ್‌ನಲ್ಲಿ ಟ್ರೆಂಟನ್ ತಂಡದ ಜೊತೆ ವಿಲ್ಲಿ ಮೇಸ್ ಎಂಬ 19ರ ಕಪ್ಪುವರ್ಣದ ತರುಣ ಆಡಲು ಬಂದ. ಪ್ರೇಕ್ಷಕರು ಬಣ್ಣ ಹಿಡಿದು ಬೈದರು. ತಂಡದವರು ತಂಗಿದ್ದ ಹೋಟೆಲಿನಲ್ಲಿ ಅವನಿಗೆ ಜಾಗವಿಲ್ಲ. ಕರಿಯರ ವಸತಿಗೃಹಕ್ಕೆ ಕಳಿಸಿದರು. ರಾತ್ರಿ ತಂಡದ ಮೂವರು ಬಿಳಿಯರು ಕಿಟಕಿಯಿಂದ ಒಳಬಂದು ಅವನ ಕೋಣೆಯ ನೆಲದ ಮೇಲೆ ಮಲಗಿದರಂತೆ.

ಬಿಲಾಲ್(ರ)ರನ್ನು ಕಅಬಾದ ಮೇಲೇರಿಸಿ ಅಝಾನ್ ಕೊಡಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಆದರೆ ಸೊಸೆ ಹುಡುಕುವಾಗ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ, 'ಹುಡುಗಿ ಬೆಳ್ಳಗಿದ್ದಾಳಾ?'

ಮೇಸ್ ಮುಂದೆ ಮಹಾನ್ ಆಟಗಾರರಾದರು. 2004ರಲ್ಲಿ ಅದೇ ಊರಿಗೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಗರ ಕ್ಷಮೆ ಕೇಳಿತು. ಅಷ್ಟಕ್ಕೆ 54 ವರ್ಷ! ಮೈದಾನವನ್ನು 2022ರಲ್ಲಿ ಕೆಡವಿದರು. ಮೇಸ್ 2024ರಲ್ಲಿ ತೀರಿಕೊಂಡರು.