ರೈತರ ಹೆಸರಿನ ಹಣ: ಪಟ್ಟಿ ಬಯಲಲ್ಲೇ ಇರಲಿ

ಸರಕಾರದ ಬೊಕ್ಕಸದಿಂದ ರೈತರ ಹೆಸರಿನಲ್ಲಿ ಹೊರಡುವ ಹಣ ಯಾರ ಕೈ ಸೇರುತ್ತದೆ ಎಂದು ತಿಳಿಯುವ ಹಕ್ಕು ಸಾರ್ವಜನಿಕರಿಗಿದೆ. 2019ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಡಿ ಜಮೀನು ಇರುವ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂ. ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮಧ್ಯವರ್ತಿಗಳ ಕಾಟ ತಪ್ಪಿಸುವ ಈ ಕ್ರಮ ಸ್ವಾಗತಾರ್ಹ. ಆದರೆ ಖಾತೆ ಸರಿಯಿದ್ದ ಮಾತ್ರಕ್ಕೆ ಖಾತೆದಾರ ಅರ್ಹನೆಂದು ಹೇಳಲಾಗದು.

ಆದಾಯ ತೆರಿಗೆ ಕಟ್ಟುವವರು, ವೃತ್ತಿನಿರತ ವೈದ್ಯರು, ವಕೀಲರು, ಲೆಕ್ಕ ಪರಿಶೋಧಕರು ಈ ಯೋಜನೆಗೆ ಅರ್ಹರಲ್ಲವೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹಾಗಿದ್ದೂ 20 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ 1,364 ಕೋಟಿ ರೂ. ಪಾವತಿಯಾಗಿರುವುದು 2021ರ ಆರಂಭದಲ್ಲಿ ಬೆಳಕಿಗೆ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಪಾವತಿದಾರರು. ಇದನ್ನು ಹೊರಗೆಳೆದದ್ದು ಮಾಹಿತಿ ಹಕ್ಕು ಕಾಯ್ದೆಯಡಿ ಸಲ್ಲಿಸಿದ ಒಂದು ಅರ್ಜಿ. ಅದೇ ವರ್ಷದ ಜುಲೈಯಲ್ಲಿ ಕೃಷಿ ಸಚಿವರು ಸಂಸತ್ತಿನ ಮುಂದಿಟ್ಟ ಲೆಕ್ಕದಲ್ಲಿ ಅನರ್ಹರ ಸಂಖ್ಯೆ 42 ಲಕ್ಷ ದಾಟಿತ್ತು.

ಹೊರನಾಡ ಕನ್ನಡಿಗರು ಇದನ್ನು ದೂರದ ಸುದ್ದಿಯೆಂದು ಬದಿಗೆ ಸರಿಸುವಂತಿಲ್ಲ. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆ ಸೇರಿದ ಅನೇಕರ ಹೆಸರು ಊರಿನ ಪಹಣಿಯಲ್ಲಿ ಇಂದಿಗೂ ಉಳಿದಿದೆ. ಗದ್ದೆಗೆ ಇಳಿಯುವವರು ಮಾತ್ರ ಊರಲ್ಲಿರುವ ತಮ್ಮನೋ, ನೆರೆಮನೆಯವರೋ ಆಗಿರುತ್ತಾರೆ. ನಗರದಲ್ಲಿದ್ದ ಮಾತ್ರಕ್ಕೆ ಯಾರೂ ಅನರ್ಹರಾಗುವುದಿಲ್ಲ. ಊರಲ್ಲಿ ಅರ್ಧ ಎಕರೆ ಸಾಗುವಳಿ ಭೂಮಿಯಿದ್ದು ತೆರಿಗೆಯ ಮಿತಿಯೊಳಗೆ ದುಡಿಯುವ ಹೋಟೆಲ್ ಕಾರ್ಮಿಕನಿಗೆ ಈ ಹಣ ನ್ಯಾಯವಾಗಿಯೇ ಸಲ್ಲಬಹುದು. ಆದರೆ ಇಲ್ಲಿ ಆದಾಯ ತೆರಿಗೆ ಕಟ್ಟುತ್ತಾ ಅಲ್ಲಿ ರೈತನೆಂದು ಕಂತು ಪಡೆಯುವುದು ತಪ್ಪು.

ಇನ್ನೊಂದು ಅನ್ಯಾಯ ಪಟ್ಟಿಯ ಹೊರಗಿದೆ. ಕರ್ನಾಟಕದಲ್ಲಿ 1974ರ ಭೂ ಸುಧಾರಣೆಯ ಬಳಿಕ ಗೇಣಿ ಪದ್ಧತಿ ಬಹುಮಟ್ಟಿಗೆ ಕಾನೂನಿನ ಪ್ರಕಾರ ರದ್ದಾಯಿತು. ಆದುದರಿಂದ ಈಗ ನಡೆಯುವ ಸಾಗುವಳಿ ಒಪ್ಪಂದಗಳು ಬಹುತೇಕ ಬಾಯಿಮಾತಿನವು. ಜಮೀನಿನ ದಾಖಲೆಯಲ್ಲಿ ಹೆಸರಿಲ್ಲದ ಈ ಉಳುವವರಿಗೆ ಸಮ್ಮಾನ್ ನಿಧಿಯ ಒಂದು ರೂಪಾಯಿಯೂ ಸಿಗುವುದಿಲ್ಲ. ನಿಜವಾಗಿ ಉಳುವವರು ಯಾರೆಂದು ಬಲ್ಲವರು ಆಯಾ ಊರಿನವರೇ ಹೊರತು ಕಚೇರಿಯ ಕಂಪ್ಯೂಟರ್ ಅಲ್ಲ.

ಆದುದರಿಂದಲೇ ಗ್ರಾಮವಾರು ಪಟ್ಟಿ ಊರವರ ಕಣ್ಣೆದುರು ಇರಬೇಕು. ಯೋಜನೆಯ ಜಾಲತಾಣದಲ್ಲಿ ಇದನ್ನು ನೋಡಲು ಅವಕಾಶವಿರುವುದು ಒಳ್ಳೆಯದು. ಪಂಚಾಯತ್ ಕಚೇರಿಯ ಗೋಡೆಯ ಮೇಲೂ ಅದು ಕಾಣಬೇಕು. ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಗುಟ್ಟಾಗಿರಲಿ. ಹೆಸರು, ಊರು, ಪಡೆದ ಕಂತು ತಿಳಿದರೆ ಸಾಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಗೂ ತಿದ್ದುಪಡಿ ತಂದಿದ್ದು, ಖಾಸಗಿತನದ ನೆಪದಲ್ಲಿ ಸರಕಾರಿ ಹಣದ ಲೆಕ್ಕಕ್ಕೆ ಪರದೆ ಬೀಳದಂತೆ ಎಚ್ಚರ ಅಗತ್ಯ.

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಕಂಡರೂ ಎದ್ದು ನಿಂತು ಪ್ರಶ್ನಿಸುವ ಸದಸ್ಯರು ನಮ್ಮವರಲ್ಲಿ ಕಡಿಮೆಯಿಲ್ಲ. ಅದೇ ಕಟ್ಟುನಿಟ್ಟು ಹುಟ್ಟೂರಿನ ಪಟ್ಟಿಗೂ ಅನ್ವಯಿಸಲಿ. ತಮ್ಮ ಹೆಸರು ಅನರ್ಹವಾಗಿ ಸೇರಿದ್ದರೆ ಸ್ವತಃ ಬಿಟ್ಟುಕೊಟ್ಟು, ಪಡೆದ ಹಣ ಮರಳಿಸುವುದು ಮೊದಲ ಹೆಜ್ಜೆ. ಅರ್ಹರಾಗಿಯೂ ಹೊರಗುಳಿದ ಊರಿನ ಬಂಧುಗಳಿಗೆ ಅರ್ಜಿ ತುಂಬಲು ನೆರವಾಗುವುದು ಎರಡನೆಯದು. ಈ ಎರಡಕ್ಕೂ ಸಂಘ-ಸಂಸ್ಥೆಗಳು ಮುಂದಾದರೆ ಅದು ಹುಟ್ಟೂರಿಗೆ ಸಲ್ಲಿಸುವ ನಿಜವಾದ ಸೇವೆಯಾದೀತು.