ಅರವತ್ತು ಸಾವಿರದ ಪೆಡಲ್ ಬೋರ್ಡು, ಸಾವಿರದೈನೂರರ ರಾತ್ರಿ

ಕಳೆದ ಗಣೇಶನ ಹಬ್ಬದಲ್ಲಿ ಹುಣಸೂರು ತಾಲ್ಲೂಕಿನ ಒಂದು ಊರಿಗೆ ರಸಮಂಜರಿ ವರದಿಗೆ ಹೋಗಿದ್ದೆವು. ವರದಿ ಅಂದರೆ ಮೂರು ಸಾಲು, ಒಂದು ಫೋಟೋ. ಅದರಲ್ಲೂ ಎರಡು ಸಾಲು ವೇದಿಕೆ ಮೇಲೆ ಕೂತ ಗಣ್ಯರ ಹೆಸರಿಗೇ ಹೋಗುತ್ತದೆ. ಗಿಟಾರ್ ನುಡಿಸುವ ಹುಡುಗನ ಹೆಸರು ಬರುವುದಿಲ್ಲ.

ಅವತ್ತು ಅವನ ಕಾಲಬುಡದಲ್ಲಿ ಹೊಸ ಮಲ್ಟಿ ಎಫೆಕ್ಟ್ಸ್ ಪೆಡಲ್ ಬೋರ್ಡ್ ಇತ್ತು. ಬಣ್ಣದ ಟಚ್ ಸ್ಕ್ರೀನು, ಸಾಲುಸಾಲು ದೀಪ. ಬೆಲೆ ಕೇಳಿದೆವು. ಅರವತ್ತು ಸಾವಿರ, ಹದಿನೆಂಟು ತಿಂಗಳ ಕಂತು. ರಾತ್ರಿಗೆ ಎಷ್ಟು ಕೊಡ್ತಾರಪ್ಪ? ಸಾವಿರದೈನೂರು, ಊಟ ಅವರದೇ. ವರ್ಷಕ್ಕೆ ಎಷ್ಟು ಪ್ರೋಗ್ರಾಂ? ಚೆನ್ನಾಗಿದ್ದರೆ ಇಪ್ಪತ್ತೈದು.

ಲೆಕ್ಕ ನೀವೇ ಹಾಕಿ. ನಲವತ್ತು ರಾತ್ರಿ ನುಡಿಸಿದರೆ ಅಸಲು. ಬಡ್ಡಿ, ಬಸ್ ಚಾರ್ಜು, ತಂತಿ ಬೇರೆ.

ಮೂರನೇ ಹಾಡಿಗೆ ಕರೆಂಟು ಹೋಯಿತು. ಜನರೇಟರ್ ಎಳೆದರು. ಮಿಕ್ಸರ್ ಎದ್ದಿತು, ಕೀಬೋರ್ಡು ಎದ್ದಿತು. ಬೋರ್ಡು ಮಾತ್ರ ಕಂಪ್ಯೂಟರ್ ಥರ ನಿಧಾನಕ್ಕೆ ಎದ್ದು, ವೋಲ್ಟೇಜ್ ಕುಣಿದಾಗ ಮತ್ತೆ ಮಲಗಿತು. ಇಡೀ ಚರಣ ಹುಡುಗ ಕೈಕಟ್ಟಿ ನಿಂತ. ನಮಗೆ ಸಂಕಟವಾಗಿದ್ದು ಅದಕ್ಕಲ್ಲ. ಗಿಟಾರ್ ನಿಂತಿದ್ದು ಪೆಂಡಾಲಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಅದಕ್ಕೆ.

ಆ ಬೋರ್ಡಿನ ಕಂಪನಿ ಹೆಸರು ಬರೆಯುವುದಿಲ್ಲ, ಯಾಕೆಂದರೆ ತಪ್ಪು ಪೆಟ್ಟಿಗೆಯದ್ದಲ್ಲ. ಅದು ಸ್ಟುಡಿಯೋಗೆ, ಕರೆಂಟು ಹೋಗದ ಊರಿಗೆ ಮಾಡಿದ್ದು. ತಪ್ಪು ಅದನ್ನು ನಮ್ಮ ಹುಡುಗರ ತಲೆಗೆ ಕಟ್ಟಿದವರದ್ದು. ಯೂಟ್ಯೂಬಿನಲ್ಲಿ ಬಾಗಿಲು ಹಾಕಿದ ರೂಮಿನೊಳಗೆ, ಪುಕ್ಕಟೆ ಬಂದ ಪೆಟ್ಟಿಗೆ ಮುಂದಿಟ್ಟುಕೊಂಡು 'ಇದಿಲ್ಲದಿದ್ದರೆ ನೀವು ಗಿಟಾರಿಸ್ಟೇ ಅಲ್ಲ' ಅನ್ನುವವರು. ಅವರು ಪಿರಿಯಾಪಟ್ಟಣದಲ್ಲಿ ಒಂದು ರಾತ್ರಿ ನುಡಿಸಲಿ ನೋಡೋಣ.

ಇನ್ನೊಂದು ಪಂಗಡ ಮೈಸೂರು, ಬೆಂಗಳೂರಿನಲ್ಲಿದೆ. ಅವರ ಪ್ರಕಾರ ಮಲ್ಟಿ ಎಫೆಕ್ಟ್ಸೇ ನಕಲಿ. ಓವರ್‌ಡ್ರೈವಿಗೊಂದು, ಕೋರಸ್‌ಗೊಂದು, ಡಿಲೇಗೊಂದು, ಬಿಡಿಬಿಡಿ ಪೆಡಲ್ ಕೊಂಡು ಟ್ಯೂಬ್ ಆಂಪ್‌ಗೆ ಹಾಕಿದರೇ ನಿಜವಾದ ನಾದವಂತೆ. ಇರಬಹುದು. ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಡಿಸ್ಟಾರ್ಷನ್ 1978ರಿಂದ ಇವತ್ತಿಗೂ ಮಾರಾಟವಾಗುತ್ತಿದೆ, ಸುಮ್ಮನೆ ಅಲ್ಲ. ಆದರೆ ಸ್ವಾಮಿ, ನಮ್ಮ ಪೆಂಡಾಲಿನಲ್ಲಿ ಗಿಟಾರ್ ಆಂಪ್ ಎಲ್ಲಿದೆ? ಶಾಮಿಯಾನ, ಸೀರಿಯಲ್ ಸೆಟ್ಟಿನ ಜತೆಗೇ ಮಾತಾಡಿಕೊಂಡ ಸೌಂಡ್ ಸಿಸ್ಟಂ ಬರುತ್ತದೆ. ಅದರಲ್ಲಿ ಮಿಕ್ಸರ್, ಎರಡು ಕಡೆ ಬಾಕ್ಸ್, ಅಷ್ಟೇ. ಡಿಸ್ಟಾರ್ಷನ್ ಪೆಡಲನ್ನು ನೇರ ಮಿಕ್ಸರಿಗೆ ಚುಚ್ಚಿದರೆ ತಗಡಿನ ಮೇಲೆ ಜೀರುಂಡೆ ಕೂತಂತೆ ಕೇಳಿಸುತ್ತದೆ. ಗಿಟಾರಿನ ಆಂಪ್ ಸ್ಪೀಕರು ಮೇಲಿನ ಕರಕರವನ್ನು ಸೋಸಿ ಬಿಡುತ್ತದೆ. ಮಿಕ್ಸರಿನ ಬಾಕ್ಸು ಸೋಸುವುದಿಲ್ಲ. ಮಲ್ಟಿ ಎಫೆಕ್ಟ್ಸಿನೊಳಗಿನ ಕ್ಯಾಬಿನೆಟ್ ಸಿಮ್ಯುಲೇಷನ್ ಮಾಡುವುದು ಆ ಸೋಸುವ ಕೆಲಸವನ್ನೇ. ಹಾಗಾಗಿ ನಮ್ಮ ನಾಲ್ಕು ತಾಲ್ಲೂಕಿನ ಗಿಟಾರಿಗೆ ಮಲ್ಟಿ ಎಫೆಕ್ಟ್ಸ್ ನಕಲಿಯಲ್ಲ, ಅದೇ ಆಂಪು. ಮಿಕ್ಸರಿಗೆ ಹಾಕುವಾಗ ಕ್ಯಾಬ್ ಆನ್ ಇರಲಿ, ಅಪರೂಪಕ್ಕೆ ಆಂಪ್ ಸಿಕ್ಕರೆ ಆಫ್ ಮಾಡಿ. ಇದೊಂದು ಗೊತ್ತಿಲ್ಲದೆ ದುಬಾರಿ ಬೋರ್ಡು ತಂದು 'ಸೌಂಡೇ ಬರ್ತಿಲ್ಲ' ಅಂತ ಅಳುವವರನ್ನು ಕಂಡಿದ್ದೇವೆ.

ಹಾಗಾದರೆ ಯಾವುದು ತಗೋಬೇಕು?

ಮೊದಲು ಕೇಳಬೇಕಾದ್ದು ಎಷ್ಟು ಎಫೆಕ್ಟ್ ಇದೆ ಅಂತಲ್ಲ, ಸೆಲ್ಲಿನಲ್ಲಿ ನಡೆಯುತ್ತದೆಯೇ ಅಂತ. ಜೂಮ್ ಜಿ1ಎಕ್ಸ್ ಫೋರ್ ಮತ್ತು ಬಾಸ್ ಜಿಟಿ-1 ಎರಡೂ ನಾಲ್ಕು ಎಎ ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತವೆ. ಒಳ್ಳೆ ಅಲ್ಕಲೈನ್ ಸೆಲ್ ಹಾಕಿದರೆ ಒಂದು ಪ್ರೋಗ್ರಾಂ ಆರಾಮಾಗಿ ದಾಟುತ್ತದೆ. ಕರೆಂಟು ಹೋಗಲಿ, ಜನರೇಟರ್ ಕೆಮ್ಮಲಿ, ಪೆಟ್ಟಿಗೆ ಎದ್ದೇ ಇರುತ್ತದೆ. ಎರಡರಲ್ಲೂ ಕಾಲಲ್ಲಿ ಒತ್ತುವ ಎಕ್ಸ್‌ಪ್ರೆಷನ್ ಪೆಡಲ್ ಇದೆ. ಅದನ್ನು ವಾಲ್ಯೂಮ್‌ಗೆ ಇಟ್ಟುಕೊಳ್ಳಿ. ಮೈಸೂರಿನವರೇ ಆದ ರಾಜನ್-ನಾಗೇಂದ್ರರ ಹಾಡಿನಲ್ಲಿ ಗಾಯಕರ ಉಸಿರಿನ ನಡುವೆ ಗಿಟಾರ್ ಬಂದು ಹೋಗುವ ರೀತಿ ಇದೆಯಲ್ಲ, ಅದಕ್ಕೆ ಕಾಲು ಬೇಕು, ಟಚ್ ಸ್ಕ್ರೀನ್ ಬೇಡ.

ರಸಮಂಜರಿಗೆ ನಾಲ್ಕೇ ನಾಲ್ಕು ಪ್ಯಾಚ್ ಸಾಕು ಅಂತ ನಮ್ಮ ವಾದ. ಕೋರಸ್ ಸೇರಿದ ಕ್ಲೀನ್ ಒಂದು, 'ಪ್ರೇಮಲೋಕ'ದ ಕಾಲದ ಹಾಡಿಗೆ. ರಿದಂಗೆ ಒಣ ಕ್ಲೀನ್ ಒಂದು. ಸ್ವಲ್ಪ ಹರಿದ ಓವರ್‌ಡ್ರೈವ್ ಒಂದು. ಸೋಲೋಗೆ ಡಿಲೇ ಸೇರಿಸಿ ಒಂಚೂರು ಜೋರಾಗಿರುವುದು ಒಂದು. ನಾಲ್ಕನ್ನೂ ಒಂದರ ಪಕ್ಕ ಒಂದು ಇಟ್ಟು ವಾಲ್ಯೂಮ್ ಸರಿಮಾಡಿ, ಹೆಡ್‌ಫೋನಿನಲ್ಲಲ್ಲ, ಸ್ಪೀಕರಿನಲ್ಲಿ ಕೇಳಿ. ಹೆಡ್‌ಫೋನಿನಲ್ಲಿ ಸ್ವರ್ಗದಂತೆ ಕೇಳುವ ಪ್ಯಾಚ್ ಡ್ರಮ್ಸು, ಬೇಸು, ಕೀಬೋರ್ಡಿನ ನಡುವೆ ಕಾಣೆಯಾಗುತ್ತದೆ. ಬೇಸ್ ಇಳಿಸಿ, ಮಿಡ್ ಏರಿಸಿ, ರಿವರ್ಬ್ ಮುಕ್ಕಾಲು ಪಾಲು ಕಿತ್ತುಹಾಕಿ. ಕೋಟೆ ಕಡೆಯ ಬಯಲಲ್ಲಾಗಲಿ ದೇವಸ್ಥಾನದ ಗೋಡೆ ಮುಂದಾಗಲಿ, ರಿವರ್ಬನ್ನು ಊರೇ ಕೊಡುತ್ತದೆ. ಅವತ್ತು ಆ ಹುಡುಗನ ಗಿಟಾರ್ ನಿಂತಿದ್ದು ಯಾರಿಗೂ ಗೊತ್ತಾಗದ್ದಕ್ಕೆ ಇದೂ ಒಂದು ಕಾರಣ. ಅದು ಮೊದಲ ಹಾಡಿನಿಂದಲೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಮಿಕ್ಕ ದುಡ್ಡಿನಲ್ಲಿ ಒಂದು ಡಿಐ ಬಾಕ್ಸ್ ತನ್ನಿ. ವೇದಿಕೆಯಿಂದ ಮಿಕ್ಸರಿಗೆ ನೂರು ಅಡಿ ಮಾಮೂಲಿ ಗಿಟಾರ್ ವೈರ್ ಎಳೆದರೆ ಗುಂಯ್ ಅನ್ನದೆ ಇನ್ನೇನು ಮಾಡುತ್ತದೆ? ಆ ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ನು ಮುರಿದುಹಾಕುವ ಸೌಂಡಿನವರಿದ್ದಾರೆ. ಅದು ಅರ್ಥಿಂಗ್ ಪಿನ್ನು. ಕೈಯಲ್ಲಿ ತಂತಿ, ತುಟಿಗೆ ಮೈಕು, ಕೆಳಗೆ ಒದ್ದೆ ನೆಲ: ಪ್ರಾಣ ಹೋಗುವ ಮಾತು. ಸೆಲ್ ಹಾಕಿದ್ದರೂ ಮಿಕ್ಸರಿನ ವೈರಿನಿಂದ ಶಾಕ್ ಬರಬಹುದು. ಯಾರಾದರೂ ಆ ಪಿನ್ನು ಮುರಿದರೆ ನೀವು ವೇದಿಕೆ ಇಳಿದುಬಿಡಿ, ದುಡ್ಡು ಹೋದರೆ ಹೋಗಲಿ.

ಈಗ ರಸಮಂಜರಿ ಮಾಲೀಕರಿಗೂ ಊರಿನ ಕಮಿಟಿಗಳಿಗೂ ಎರಡು ಮಾತು. ನಿಮಗೆ ಗಿಟಾರ್ ಬೇಕಿಲ್ಲ, ಗಿಟಾರ್ ಹಿಡಿದವನು ಬೇಕು, ಬ್ಯಾನರಿಗೆ ಚೆಂದ ಅಂತ. ಟ್ರ್ಯಾಕ್ ಹಾಕಿಬಿಟ್ಟು ಅವನನ್ನು ಸುಮ್ಮನೆ ಕೈ ಆಡಿಸಲು ನಿಲ್ಲಿಸುತ್ತೀರಿ. ಲೌಡ್ ಸ್ಪೀಕರು ರಾತ್ರಿ 10ಕ್ಕೆ ನಿಲ್ಲಬೇಕು ಅನ್ನುವುದು ಕಾನೂನು. ಅಷ್ಟರೊಳಗೆ ಸನ್ಮಾನ ಒಂದೂವರೆ ಗಂಟೆ ತಿನ್ನುತ್ತದೆ, ಸೌಂಡ್ ಚೆಕ್‌ಗೆ ಹತ್ತು ನಿಮಿಷ ಕೇಳಿದರೆ ಮುಖ ಸಿಂಡರಿಸುತ್ತೀರಿ. ಕೆ.ಆರ್. ನಗರದ ಕಡೆ ಒಂದು ಜಾತ್ರೆಯಲ್ಲಿ ಶಾಲು ಹೊದೆಸಿದ್ದನ್ನು ನಾವೇ ಎಣಿಸಿದೆವು, ಮೂವತ್ತೆರಡು. ಒಂದೂ ವಾದ್ಯದವರ ಹೆಗಲಿಗೆ ಬೀಳಲಿಲ್ಲ. ಹುಡುಗರು ದುಬಾರಿ ಬೋರ್ಡಿಗೆ ಬೀಳುವುದು ಶೋಕಿಗೆ ಅಂತ ಬೈಯುವವರು ಇದನ್ನೂ ನೋಡಬೇಕು. ಕೇಳಿಸಿಕೊಳ್ಳುವವರಿಲ್ಲ, ಕಾಲಬುಡದ ದೀಪವನ್ನಾದರೂ ಯಾರಾದರೂ ನೋಡಲಿ ಅಂತ ಕೊಳ್ಳುತ್ತಾರೆ. ನಮಗೆ ಇದು ಅರ್ಥವಾಗುತ್ತದೆ; ಸುದ್ದಿಗಿಷ್ಟು ಅಂತ ಎಣಿಸಿಕೊಳ್ಳುವ ಸ್ಟ್ರಿಂಗರುಗಳು ನಾವು, ಕಂತಿನಲ್ಲಿ ದೊಡ್ಡ ಕ್ಯಾಮೆರಾ ಕೊಂಡವರು ನಮ್ಮಲ್ಲೂ ಇದ್ದಾರೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಕ್ಕೆ ನಾಚಿಕೆ ಬೇಡ. ನೋಡಲು ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಸೆಲ್ ಒಯ್ಯಿರಿ. ಪ್ರತಿ ಸ್ವಿಚ್ಚನ್ನೂ ಇಪ್ಪತ್ತು ಸಲ ತುಳಿಯಿರಿ, ಗುಂಡಿ ತಿರುಗಿಸುವಾಗ ಕರಕರ ಬರುತ್ತದೆಯೇ ಕೇಳಿ, ಸೆಲ್ಲಿನ ಮುಚ್ಚಳ ತೆಗೆದು ತುಕ್ಕು ನೋಡಿ. ಅಡಾಪ್ಟರ್ ಕೊಟ್ಟರೆ ಅದರ ಮೇಲಿನ ವೋಲ್ಟೂ ಮೈನಸ್-ಪ್ಲಸ್ ಗುರುತೂ ಪೆಟ್ಟಿಗೆ ಮೇಲಿನದಕ್ಕೆ ಹೊಂದುತ್ತವೆಯೇ ನೋಡಿ. ಗಿಟಾರ್ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ನಡುವಿನದು ಮೈನಸ್, ಮನೆಯಲ್ಲಿ ಬಿದ್ದಿರುವ ಅಡಾಪ್ಟರುಗಳಲ್ಲಿ ಹೆಚ್ಚಾಗಿ ಪ್ಲಸ್. ಉಲ್ಟಾ ಚುಚ್ಚಿದರೆ ಸುಟ್ಟುಹೋದೀತು.

ಆ ಹುಡುಗ ಹೋದ ವಾರ ಫೋನ್ ಮಾಡಿದ್ದ. ಬೋರ್ಡು ಮಾರಾಟಕ್ಕಿಟ್ಟಿದ್ದಾನೆ. ಕೇಳಿದವರು ಇಪ್ಪತ್ತೆಂಟು ಸಾವಿರದ ಮೇಲೆ ಹೋಗುತ್ತಿಲ್ಲ. ಇನ್ನೂ ಏಳು ಕಂತು ಬಾಕಿ ಇದೆ.